ಬೋರ್ಡಿಗೆ ಶೇಕಡಾ 60, ಮನೆಯೊಳಗೆ ಎಷ್ಟು?

2023ರ ಡಿಸೆಂಬರ್ 27ನೇ ತಾರೀಖು ನಿಮಗೆ ನೆನಪಿರಲೇಬೇಕು. ಬೆಂಗಳೂರಿನ ಬೀದಿಗೆ ಇಳಿದಿರಿ. ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡ ಇರಲೇಬೇಕೆಂದು ಗಂಟಲು ಹರಿಯುವಂತೆ ಕೂಗಿದಿರಿ. ಠಾಣೆಯ ಮೆಟ್ಟಿಲು ಹತ್ತಿದವರಿದ್ದೀರಿ, ಜೈಲು ಕಂಡವರೂ ಇದ್ದೀರಿ. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಎದೆ ತಟ್ಟಿಕೊಂಡೆವು. ತಪ್ಪೇನಿಲ್ಲ.

ಈಗ ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ಅಂಗಡಿಯ ಬೋರ್ಡಿಗೆ ಶೇಕಡಾ 60. ನಮ್ಮ ಮನೆಯ ಹೊಸ್ತಿಲ ಒಳಗೆ ಎಷ್ಟು?

ಕೇಳುವ ಯೋಗ್ಯತೆ ನಿನಗಿದೆಯೇನಯ್ಯಾ ಅಂದರೆ, ಇರಲಿಲ್ಲ. ಅದಕ್ಕೇ ನನ್ನ ಮನೆಯಿಂದಲೇ ಶುರು ಮಾಡುತ್ತೇನೆ.

ನನ್ನದು ಅಚ್ಚುಕೂಟದ ಬದುಕು. ಅಪ್ಪ ಚಳ್ಳಕೆರೆಯಲ್ಲಿ ಒಂದು ಟ್ರೆಡಲ್ ಮಷೀನು ಇಟ್ಟುಕೊಂಡು ಬಿಲ್ ಬುಕ್ಕು, ಲಗ್ನಪತ್ರಿಕೆ, ಎಣ್ಣೆ ಮಿಲ್ಲಿನವರ ರಸೀದಿ ಹೊಡೆದು ನಮ್ಮನ್ನು ಸಾಕಿದರು. ನಾನು ಅಕ್ಷರ ಕಲಿತದ್ದು ಸ್ಲೇಟಿನ ಮೇಲೆ ಅಲ್ಲ, ಸೀಸದ ಮೊಳೆಗಳ ಮೇಲೆ. ಪಿಯುಸಿ ಆದ ಮೇಲೆ ಓದಿಗೆ ಕೈಮುಗಿದು ಬೆಂಗಳೂರು ಸೇರಿದೆ. ಇವತ್ತು ಒಂದು ಆಫ್‌ಸೆಟ್ ಇದೆ, ನಾಲ್ಕು ಜನ ಹುಡುಗರಿದ್ದಾರೆ. ನವೆಂಬರ್ ಬಂತೆಂದರೆ ನನ್ನ ಪ್ರೆಸ್ಸಿನ ಗೋಡೆಯೆಲ್ಲ ಅರಿಶಿನ ಕುಂಕುಮ. ಕನ್ನಡದ ಪೋಸ್ಟರು ಹೊಡೆಯುವುದು ನನಗೆ ಕಸುಬೂ ಹೌದು, ಅಭಿಮಾನವೂ ಹೌದು.

ಅಂಥವನ ಮಗಳು ಮೂರನೇ ಕ್ಲಾಸಿನಲ್ಲಿದ್ದಳು. ಒಳ್ಳೆಯ ಇಂಗ್ಲಿಷ್ ಶಾಲೆ. ಫೀಸಿನ ಲೆಕ್ಕದಲ್ಲಿ ಒಳ್ಳೆಯದು. 2020ರ ಜನವರಿಯಲ್ಲಿ ಒಂದು ಸಂಜೆ ಪ್ರೆಸ್ಸಿಗೆ ಬಂದಳು. ಮೇಜಿನ ಮೇಲೆ ಒಂದು ಸಮಾವೇಶದ ಪೋಸ್ಟರಿನ ಪ್ರೂಫ್ ಇತ್ತು. ‘ಓದವ್ವಾ’ ಅಂದೆ, ಬಂದ ಗಿರಾಕಿಯ ಮುಂದೆ ಹೆಮ್ಮೆ ಪಡೋಣ ಅಂತ. ‘ಕನ್ನಡ’ ಅಂತ ಓದಿದಳು. ಮುಂದಿನ ಪದ ‘ಸ್ವಾಭಿಮಾನ’. ಆ ‘ಸ್ವಾ’ದ ಎದುರು ನಿಂತುಬಿಟ್ಟಳು. ಸಾ ಅಂದಳು, ವಾ ಅಂದಳು, ನನ್ನ ಮುಖ ನೋಡಿದಳು. ಗಿರಾಕಿ ದೊಡ್ಡ ಮನುಷ್ಯರು, ಗೋಡೆಯ ಕ್ಯಾಲೆಂಡರ್ ನೋಡುವ ಹಾಗೆ ಮಾಡಿದರು.

ಅವತ್ತು ರಾತ್ರಿ ಆ ಪೋಸ್ಟರು ಎರಡು ಸಾವಿರ ಹೊಡೆದೆ ಸ್ವಾಮಿ. ಎರಡು ಸಾವಿರ ಸಲ ಆ ‘ಸ್ವಾ’ ನನ್ನ ಕಣ್ಣ ಮುಂದೆ ಬಂದು ಬಿತ್ತು.

ಎರಡು ತಿಂಗಳಿಗೆ ಕೊರೋನಾ ಬಂತು. ಮಷೀನು ನಿಂತಿತು, ಶಾಲೆಯೂ ನಿಂತಿತು. ಬಾಡಿಗೆ ಮಾತ್ರ ನಿಲ್ಲಲಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ಚಳ್ಳಕೆರೆಗೆ, ನಮ್ಮವ್ವನ ಮನೆಗೆ ಬಂದೆ. ಶಾಲೆಯವರು ಮೊಬೈಲಿನಲ್ಲಿ ಪಾಠ ಶುರು ಮಾಡಿದರು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ, ಅದೂ ನೀರಿನ ಟ್ಯಾಂಕಿನ ಪಕ್ಕ. ಬಿಸಿಲಿಗೆ ಟವೆಲ್ ಹೊದ್ದು ಮಗಳು ಅಲ್ಲಿ ಕೂರುತ್ತಿದ್ದಳು. ಪಾಠ ಬಿಟ್ಟು ಬಿಟ್ಟು ಕೇಳಿಸುತ್ತಿತ್ತು. ಫೀಸಿನ ಮೆಸೇಜು ಮಾತ್ರ ಒಂದೂ ತಪ್ಪದೆ ಬರುತ್ತಿತ್ತು! ಒಂದು ದಿನ ಹೆಂಡತಿ ಹೇಳಿದಳು: ‘ಈ ಒಂದು ವರ್ಷ ನಾವೇ ಕಲಿಸೋಣ. ಕೆಟ್ಟರೆ ಒಂದು ವರ್ಷ ತಾನೇ ಕೆಡೋದು?’ ಬಿಡಿಸಿಬಿಟ್ಟೆವು.

ಇದಕ್ಕೆ ಪೇಟೆಯಲ್ಲಿ ಹೋಂ ಸ್ಕೂಲಿಂಗ್ ಅಂತ ದೊಡ್ಡ ಹೆಸರಿದೆ. ನಮಗೆ ಆಗ ಆ ಹೆಸರೂ ಗೊತ್ತಿರಲಿಲ್ಲ. ಮೊದಲ ಹದಿನೈದು ದಿನ ನಾವು ಮಾಡಿದ್ದು ಏನು ಗೊತ್ತೇ? ಬೆಳಿಗ್ಗೆ ಹತ್ತಕ್ಕೆ ಚಾಪೆ ಹಾಸಿ, ಮಗಳನ್ನು ಕೂರಿಸಿ, ನಾನು ಮೇಷ್ಟ್ರಾಗಿ, ಕೈಯಲ್ಲಿ ಸ್ಕೇಲು ಹಿಡಿದು ಅದೇ ಶಾಲೆಯನ್ನೇ ಮನೆಗೆ ತಂದೆ. ಅವಳು ಅತ್ತಳು, ನಾನು ಕೂಗಾಡಿದೆ. ನಮ್ಮವ್ವ ಒಳಗಿನಿಂದ ಬಂದು ‘ಮೇಷ್ಟ್ರು ಮನೇಗ್ ಹೋದ್ರೇನಪ್ಪ?’ ಅಂದಳು. ಸ್ಕೇಲು ಕೆಳಗಿಟ್ಟೆ.

ಆಮೇಲೆ ಕಲಿಕೆ ತನ್ನ ಪಾಡಿಗೆ ತಾನು ಬಂತು. ಹಿತ್ತಲಿನ ಶೆಡ್ಡಿನಲ್ಲಿ ಅಪ್ಪನ ಕಾಲದ ಮೊಳೆ ಕೇಸುಗಳು ಧೂಳು ತಿನ್ನುತ್ತಿದ್ದವು. ಟ್ರೆಡಲ್ ಗುಜರಿಗೆ ಹೋಗಿತ್ತು, ಮೊಳೆ ಮಾರಲು ಅಪ್ಪನಿಗೆ ಮನಸ್ಸು ಬಂದಿರಲಿಲ್ಲ. ಒಂದು ಕೇಸು ಇಲಿ ಓಡಾಡಿ ಕೆಳಗೆ ಬಿದ್ದು ಎಲ್ಲ ಮೊಳೆಯೂ ಕಲಸಿಹೋಗಿತ್ತು. ‘ಇದನ್ನು ಅವವುಗಳ ಮನೆಗೆ ಹಾಕಿಕೊಡು, ಒಂದು ಹಿಡಿಗೆ ಒಂದು ರೂಪಾಯಿ’ ಅಂದೆ. ಇಂಗ್ಲಿಷಿನ ಕೇಸಿನಂತಲ್ಲ ಕನ್ನಡದ ಕೇಸು. ಅಕ್ಷರ ಬೇರೆ, ಗುಣಿತ ಬೇರೆ, ಒತ್ತು ಬೇರೆ, ನೂರಾರು ಮನೆ. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಬೆರಳಿಂದ ಸವರಿ ನೋಡಬೇಕು, ಬೆಳಕಿಗೆ ಹಿಡಿಯಬೇಕು. ವಕಾರದ ಒತ್ತು ಎಲ್ಲಿ ಕೂರುತ್ತದೆ, ಯಕಾರದ ಒತ್ತು ಯಾಕೆ ಬೇರೆ ಥರ ಬಾಲ ಎಳೆಯುತ್ತದೆ ಅಂತ ಅವಳೇ ಕೇಳತೊಡಗಿದಳು. ಎರಡು ತಿಂಗಳಲ್ಲಿ ಕೇಸು ತುಂಬಿತು. ಮೊದಲು ಅವಳು ಸ್ಟಿಕ್ಕಿನಲ್ಲಿ ಜೋಡಿಸಿದ್ದು ತನ್ನ ಹೆಸರು. ಎರಡನೆಯದು ‘ಸ್ವಾಭಿಮಾನ’. ನಾನು ಹೇಳಿಕೊಡಲಿಲ್ಲ, ಮರೆತಿದ್ದಾಳೆ ಅಂದುಕೊಂಡಿದ್ದೆ.

ಲೆಕ್ಕ ನನ್ನ ಹೆಂಡತಿಯ ಪಾಲು. ಒಂದು ರೀಮಿಗೆ 500 ಹಾಳೆ. ಡೆಮಿಯ ಎಂಟನೇ ಒಂದರ ಸೈಜಿನಲ್ಲಿ ಎರಡು ಸಾವಿರ ಕರಪತ್ರಕ್ಕೆ ಎಷ್ಟು ಕಾಗದ? 250 ಹಾಳೆ, ಅಂದರೆ ಅರ್ಧ ರೀಮು. ವೇಸ್ಟೇಜಿಗೆ ಇನ್ನೊಂದು ಹತ್ತು. ಭಿನ್ನರಾಶಿ ಅಂದರೆ ಹೆದರುತ್ತಿದ್ದ ಹುಡುಗಿಗೆ ಹಾಳೆಯನ್ನು ಮಡಚಿ ಮಡಚಿ ಎಂಟು ಮಾಡಿದ ಮೇಲೆ ಹೆದರಿಕೆ ಎಲ್ಲಿಯದು? ಇನ್ನು ನಮ್ಮವ್ವ. ಹೆಬ್ಬೆಟ್ಟು. ಆದರೆ ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಅಂತ ಶೇಂಗಾ ಅಳೆಯುತ್ತಲೇ ಮೊಮ್ಮಗಳ ಬಾಯಿಗೆ ಲೆಕ್ಕ ಹಾಕಿಬಿಟ್ಟಳು. ಮಳೆ ನಕ್ಷತ್ರ ಹೇಳಿಕೊಟ್ಟಳು. ಮಗಳು ಅದನ್ನೆಲ್ಲ ಹಳೇ ರಸೀದಿ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟಳು. ಮನೆಯಲ್ಲಿ ಹೆಬ್ಬೆಟ್ಟಿನ ಅಜ್ಜಿ ಹೇಳುವುದು, ಎಂಟು ವರ್ಷದ ಮೊಮ್ಮಗಳು ಬರೆಯುವುದು. ಯಾವ ಶಾಲೆಯ ಟೈಮ್‌ಟೇಬಲ್ಲಿನಲ್ಲಿದೆ ಈ ಪಿರಿಯಡ್ಡು?

ಎಲ್ಲ ಸುಸೂತ್ರವಾಗಿತ್ತು ಅಂದುಕೊಳ್ಳಬೇಡಿ. ವಿಜ್ಞಾನದಲ್ಲಿ ನಾವು ಫೇಲು. ಜೊತೆಗೆ ಆಡುವ ಮಕ್ಕಳಿಲ್ಲದೆ ಹುಡುಗಿ ಮಂಕಾಗುತ್ತಿದ್ದಳು. ಕೆಲವು ದಿನ ಏನೂ ಕಲಿಸಲಿಲ್ಲ; ಸಾಲದವನ ಫೋನ್ ಬಂದ ದಿನ ಯಾರಿಗೆ ಬೇಕು ಕಾಗುಣಿತ? ಹೆಂಡತಿಗೆ ಅಡುಗೆ, ಪಾತ್ರೆ, ಅದರ ಮೇಲೆ ಪಾಠ. ನಾನು ‘ನಾವು ಕಲಿಸಿದೆವು’ ಅಂತ ಬರೆಯುತ್ತಿದ್ದೇನಲ್ಲ, ಆ ‘ನಾವು’ ಎಂಬುದರಲ್ಲಿ ಮುಕ್ಕಾಲು ಪಾಲು ಅವಳದು. ಹೋಂ ಸ್ಕೂಲಿಂಗ್ ಬಗ್ಗೆ ಭಾಷಣ ಮಾಡುವ ಗಂಡಸರು ಇದನ್ನು ಮೊದಲು ಹೇಳಬೇಕು.

ನಮ್ಮನ್ನು ಕಾಪಾಡಿದವರು ಸರ್ಕಾರಿ ಶಾಲೆಯ ಮೇಷ್ಟ್ರು. 2020ರ ಆಗಸ್ಟಿನಲ್ಲಿ ಸರ್ಕಾರ ವಿದ್ಯಾಗಮ ಶುರು ಮಾಡಿತ್ತು. ಶಾಲೆ ಮುಚ್ಚಿದ್ದರೂ ಮೇಷ್ಟ್ರು ಗುಡಿಯ ಜಗಲಿ, ಮರದ ನೆರಳು, ಓಣಿಯ ಕಟ್ಟೆ ಹುಡುಕಿಕೊಂಡು ಮಕ್ಕಳ ಹತ್ತಿರ ಬಂದರು. ನಮ್ಮ ಓಣಿಯ ಜಗಲಿಯ ತುದಿಯಲ್ಲಿ ನನ್ನ ಮಗಳೂ ಹೋಗಿ ಕೂತಳು. ‘ನೀನು ನಮ್ಮ ಶಾಲೆಯವಳಲ್ಲ, ಏಳು’ ಅಂತ ಆ ಪುಣ್ಯಾತ್ಮರು ಒಂದು ದಿನವೂ ಅನ್ನಲಿಲ್ಲ. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತಿತು. ಒಂದರಿಂದ ಐದನೇ ಕ್ಲಾಸಿನ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು! ಆ ಹತ್ತೊಂಬತ್ತು ತಿಂಗಳು ನಾಡಿನ ಪ್ರತಿಯೊಂದು ಮನೆಯೂ ಶಾಲೆಯಾಗಬೇಕಿತ್ತು. ಎಷ್ಟು ಮನೆ ಆದವು? ಎಷ್ಟು ಮನೆಯಲ್ಲಿ ಮೊಬೈಲ್ ಕೊಟ್ಟು ಕೈತೊಳೆದುಕೊಂಡೆವು?

ಆ ವರ್ಷದ ಕೊನೆಯಲ್ಲಿ, ಚಳಿ ಬಿದ್ದ ಮೇಲೆ, ಮಗಳನ್ನು ಜಟಿಂಗ ರಾಮೇಶ್ವರಕ್ಕೆ ಕರೆದುಕೊಂಡು ಹೋದೆ. ಬೆಂಗಳೂರಿನ ಗೆಳೆಯರಿಗೆ ಈ ಜಾಗ ಗೊತ್ತಿರಲಾರದು. ಮೊಳಕಾಲ್ಮುರು ತಾಲ್ಲೂಕು, ಆಚೆಗೆ ಆಂಧ್ರದ ರಾಯದುರ್ಗ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಮೀರಿದ ಬೆಟ್ಟ, ಮೇಲೆ ರಾಮೇಶ್ವರನ ಗುಡಿ. ರಾವಣನನ್ನು ತಡೆಯಲು ಹೋಗಿ ಜಟಾಯು ಬಿದ್ದದ್ದು ಇಲ್ಲೇ ಅಂತ ಐತಿಹ್ಯ. ಸುತ್ತ ಕರೀ ಬಂಡೆ, ಕುರುಚಲು, ಬಿಸಿಲು. ಮಗಳು ಮೆಟ್ಟಿಲು ಎಣಿಸುತ್ತಾ ಹತ್ತಿದಳು, ನಾನು ಏದುಸಿರು ಬಿಡುತ್ತಾ.

ಅಲ್ಲೊಂದು ಬಂಡೆ ಇದೆ. ಬಳೆಗಾರರ ಗುಂಡು ಅಂತ ಹೆಸರು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದರು, ಚಪ್ಪರದ ಗೂಟಕ್ಕೆ ಬಂಡೆಯಲ್ಲೇ ಕುಳಿ ಹೊಡೆದಿದ್ದರು. ಆ ಬಂಡೆಯ ಮೈಮೇಲೆ ಇರುವುದು ಅಶೋಕನ ಶಾಸನ! 2,200 ವರ್ಷ ಮೀರಿದ ಅಕ್ಷರ. 1892ರಲ್ಲಿ ಬಿ.ಎಲ್. ರೈಸ್ ಸಾಹೇಬರು ಇದನ್ನೂ, ಹತ್ತಿರದಲ್ಲೇ ಇರುವ ಬ್ರಹ್ಮಗಿರಿಯ ಅಕ್ಷರ ಗುಂಡನ್ನೂ, ಸಿದ್ದಾಪುರದ ಎಮ್ಮೆ ತಮ್ಮನ ಗುಂಡನ್ನೂ ಲೋಕಕ್ಕೆ ತೋರಿಸಿದರು. ಮೂರರಲ್ಲಿ ಹೆಚ್ಚು ಸವೆದಿರುವುದು ನಮ್ಮ ಬಳೆಗಾರರ ಗುಂಡೇ. ಯಾರನ್ನು ಬಯ್ಯುವುದು? ಓದಲು ಬಾರದ ಅಕ್ಷರದ ಮೇಲೆ ಬಡಪಾಯಿ ಬಳೆಗಾರ ಅಂಗಡಿ ಇಟ್ಟ. ಓದಲು ಬಾರದಿದ್ದರೆ ಅಕ್ಷರವೂ ಬರೀ ಬಂಡೆಯೇ.

ಭಾಷೆ ಕನ್ನಡವಲ್ಲ, ಪ್ರಾಕೃತ. ಲಿಪಿ ಬ್ರಾಹ್ಮಿ, ನಮ್ಮ ಲಿಪಿಯ ಮುತ್ತಜ್ಜಿ. ಶಾಸನ ಬಂದದ್ದು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ. ಆ ‘ಇಸಿಲ’ ಕನ್ನಡದ ಪದವೆಂದು ವಾದಿಸಿದವರು ಡಿ.ಎಲ್. ನರಸಿಂಹಾಚಾರ್ಯರು. ನಾವು ಅಭಿಮಾನಿಗಳು ಆ ಒಂದು ಪದ ಹಿಡಿದುಕೊಂಡು ಕುಣಿಯುತ್ತೇವೆ. ಕುಣಿಯೋಣ. ಆದರೆ ಶಾಸನದ ಉಳಿದ ಮಾತು ಓದಿದವರೆಷ್ಟು ಮಂದಿ? ತಾಯಿ ತಂದೆಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರಿಷ್ಟರೊಡನೆ ಸರಿಯಾಗಿ ನಡೆದುಕೊಳ್ಳಬೇಕು. ಇದು ಹಳೆಯ ಪದ್ಧತಿ, ಇದರಿಂದ ಆಯಸ್ಸು ಹೆಚ್ಚುತ್ತದೆ ಎಂದು ಅದರ ಸಾರ. ಚಕ್ರವರ್ತಿಯ ಅಪ್ಪಣೆ ಅಂದರೆ ಕಂದಾಯ, ದಂಡ, ಸೈನ್ಯ ಇರುತ್ತದೆ ಅಂದುಕೊಂಡಿರಿ. ಇದು ನೋಡಿದರೆ ಮನೆಯ ಪಡಸಾಲೆಯ ಮಾತು! ಅಪ್ಪ, ಅವ್ವ, ಗುರು, ಶಿಷ್ಯ, ನೆಂಟರು. ಶಿಷ್ಯನಿಗೆ ಅಲ್ಲಿರುವ ಪದ ಅಂತೇವಾಸಿ. ಅಂದರೆ ಪಕ್ಕದಲ್ಲೇ ವಾಸ ಮಾಡುವವನು. ಮನೆ ಬೇರೆ, ಶಾಲೆ ಬೇರೆ ಎಂಬ ಗೋಡೆ ಆ ಪದದಲ್ಲಿಲ್ಲ.

ನನಗೆ ಇನ್ನೂ ಹಿಡಿಸಿದ್ದು ಬ್ರಹ್ಮಗಿರಿಯ ಶಾಸನದ ಕೊನೆ. ಚಪಡ ಎಂಬುವವನು ಬರೆದ ಎಂದು ಹೆಸರು ಹಾಕಿದೆ. ಬರಹಗಾರ ಎಂಬ ಅರ್ಥದ ಒಂದೇ ಒಂದು ಪದವನ್ನು ಆತ ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ದೂರದ ಗಾಂಧಾರ ಸೀಮೆಯ ಲಿಪಿ, ಬಲದಿಂದ ಎಡಕ್ಕೆ ಸಾಗುತ್ತದೆ. ಯಾವನೋ ಒಬ್ಬ ಲಿಪಿಕಾರ ಇಷ್ಟು ದೂರ ಬಂದು, ರಾಜನ ಮಾತನ್ನೆಲ್ಲ ಇಲ್ಲಿಯ ಲಿಪಿಯಲ್ಲಿ ಬರೆದು, ತನ್ನ ಕಸುಬಿನ ಹೆಸರನ್ನು ಮಾತ್ರ ತಾನು ಕಲಿತ ಲಿಪಿಯಲ್ಲಿ ಬರೆದುಕೊಂಡನೇ? ಎಳೆತನದಲ್ಲಿ ಕೈಗೆ ಹತ್ತಿದ ಅಕ್ಷರ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನಮ್ಮ ಕಸುಬಿನ ಹಿರಿಯಣ್ಣ ಅಂತ ಚಪಡನ ಕಥೆ ಮಗಳಿಗೆ ಹೇಳಿದೆ. ಅವಳು ಸವೆದ ಗೆರೆಯ ಮೇಲೆ ಮೊಳೆ ಸವರಿದ ಹಾಗೆ ಗಾಳಿಯಲ್ಲೇ ಬೆರಳಾಡಿಸಿ, ‘ಅಪ್ಪಾ, ಇದರ ಪ್ರೂಫ್ ಯಾರು ನೋಡಿದ್ರು?’ ಅಂದಳು.

ಗೆಳೆಯರೇ, ಮನೆಯಲ್ಲಿ ಕಲಿತವರು ಕೆಡುತ್ತಾರೆ ಎಂಬ ಹೆದರಿಕೆ ಇದ್ದರೆ ನಮ್ಮ ನಾಡಿನ ಎರಡು ಮನೆ ನೋಡಿ. ಒಂದು ಕುಪ್ಪಳಿ. ಬಾಲಕ ಪುಟ್ಟಪ್ಪನಿಗೆ ಅಕ್ಷರ ಕಲಿಸಲು ದಕ್ಷಿಣ ಕನ್ನಡದಿಂದ ಮೇಷ್ಟ್ರನ್ನು ಕರೆತಂದು ಮನೆಯಲ್ಲೇ ಇಟ್ಟುಕೊಂಡಿದ್ದರು. ಆಮೇಲೆ ತೀರ್ಥಹಳ್ಳಿ, ಮೈಸೂರು. ಅಂಥ ಕುವೆಂಪು ಕೂಡ ಮೊದಲು ಪದ್ಯ ಬರೆದು ಅಚ್ಚು ಹಾಕಿಸಿದ್ದು ಇಂಗ್ಲಿಷಿನಲ್ಲಿ, 1922ರಲ್ಲಿ! ನಿನ್ನ ಭಾಷೆಯಲ್ಲಿ ಬರೆ ಎಂದು ಬುದ್ಧಿ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಹೊರಗಿನವರು ಒಂದು ಮಾತು ಹೇಳಿದರು ನಿಜ. ಆದರೆ ಮರಳಿ ಹೋಗಲು ಒಳಗೆ ಒಂದು ಮನೆ ಇತ್ತು, ಮಲೆನಾಡಿನ ಕನ್ನಡ ಕಿವಿಯಲ್ಲಿ ತುಂಬಿತ್ತು. ಇವತ್ತು ಯಾರಾದರೂ ಕಸಿನ್ಸ್ ಬಂದು ನಮ್ಮ ಮಕ್ಕಳಿಗೆ ‘ಕನ್ನಡಕ್ಕೆ ಹೋಗಿ’ ಅಂದರೆ, ಆ ಮಕ್ಕಳು ಎಲ್ಲಿಗೆ ಹೋಗಬೇಕು?

ಇನ್ನೊಂದು ಮನೆ ಪುತ್ತೂರಿನ ಬಾಲವನ. ಶಿವರಾಮ ಕಾರಂತರು 1921ರಲ್ಲಿ ಅಸಹಕಾರ ಚಳವಳಿಯ ಕರೆಗೆ ಕಾಲೇಜು ಬಿಟ್ಟವರು. ತಮ್ಮ ಮಕ್ಕಳಿಗೂ ಆರಂಭದ ವರ್ಷಗಳಲ್ಲಿ ಶಾಲೆಯ ಉಸಾಬರಿ ಬೇಡವೆಂದು ಮನೆಯಲ್ಲೇ ಕಲಿಸಿದರು. ಗುಡ್ಡ, ಮರ, ಹಕ್ಕಿ, ಪ್ರವಾಸ, ಮನೆ ತುಂಬ ಪುಸ್ತಕ, ಜೊತೆಗೆ ಅಚ್ಚಿನ ಕೆಲಸ. ಹೌದು ಸ್ವಾಮಿ, ಕಾರಂತರೂ ಪ್ರೆಸ್ಸು ನಡೆಸಿದವರೇ! ಬೇರೆಯವರು ಮಕ್ಕಳಿಗೆ ಕನ್ನಡದಲ್ಲಿ ಪುಸ್ತಕವಿಲ್ಲ ಅಂತ ಅಳುತ್ತಾ ಕೂತಿದ್ದಾಗ ಅವರು 1936ರಲ್ಲಿ ಮೂರು ಸಂಪುಟದ ‘ಬಾಲಪ್ರಪಂಚ’ ಬರೆದುಬಿಟ್ಟರು. ಆಮೇಲೆ ನಾಲ್ಕು ಸಂಪುಟದ ‘ವಿಜ್ಞಾನ ಪ್ರಪಂಚ’. ಮನೆಯಲ್ಲಿ ಕಲಿಸಲು ಪಠ್ಯವಿಲ್ಲ ಅಂದರೆ ಪಠ್ಯವನ್ನೇ ಮಾಡುವುದು; ಇದು ಗಂಡೆದೆ. ಆ ಮನೆಯ ಮಕ್ಕಳು ಕೆಟ್ಟರೇ? ಉಲ್ಲಾಸ ಕಾರಂತರು ಹುಲಿಗಳ ಅಧ್ಯಯನದಲ್ಲಿ ಜಗತ್ತು ಬಲ್ಲ ವಿಜ್ಞಾನಿ. ಮಾಳವಿಕಾ ಕಪೂರ್ ನಿಮ್ಹಾನ್ಸಿನಲ್ಲಿ ಮಕ್ಕಳ ಮನಸ್ಸನ್ನು ಓದಿದ ಪ್ರಾಧ್ಯಾಪಕಿ. ಮಕ್ಕಳು ಸೇರಿ ತಂದೆಯ ಬಗ್ಗೆ ಬರೆದ ಪುಸ್ತಕ 2021ರಲ್ಲಿ ಹೊರಬಂತು. ಅದು ಬಂದ ಭಾಷೆ ಇಂಗ್ಲಿಷ್. ಚುಚ್ಚಲು ಹೇಳುತ್ತಿಲ್ಲ, ಎರಡೂ ಭಾಷೆ ಗಟ್ಟಿಯಾಗಿ ಬಂದವರು ಯಾವುದರಲ್ಲಿ ಬೇಕಾದರೂ ಬರೆಯಲಿ.

ಆದರೆ ಕಾರಂತರ ಮನೆ ತೋರಿಸಿ ‘ಶಾಲೆ ಸುಟ್ಟುಹಾಕಿ’ ಅನ್ನುವವನು ನಾನಲ್ಲ. ನಮ್ಮ ಚಳ್ಳಕೆರೆ ತಾಲ್ಲೂಕಿನದೇ ಮೂರನೆಯ ಮನೆಯೊಂದಿದೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ. ಶಾಲೆಯ ಮುಖ ಕಾಣದ ಹೆಣ್ಣುಮಗಳು. ಸಾವಿರಾರು ಪದ ಬಾಯಲ್ಲಿ. ಹಟ್ಟಿಯಲ್ಲಿ ಹಿರಿಯರ ಬಾಯಿಂದ ಕಿವಿಗೆ, ಕಿವಿಯಿಂದ ಎದೆಗೆ ಇಳಿದ ವಿದ್ಯೆ. ಕೃಷ್ಣಮೂರ್ತಿ ಹನೂರರು ಬಂದು ಆಕೆಯ ಹಾಡುಗಳನ್ನು ಬರೆದುಕೊಂಡರು, ಪುಸ್ತಕ ಮಾಡಿದರು. ಮನೆಯೇ ಶಾಲೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಬೇಡ. ಆದರೆ ತನ್ನದೇ ಹಾಡಿನ ಪುಸ್ತಕವನ್ನು ಕೈಯಲ್ಲಿ ಹಿಡಿದರೆ ಆಕೆ ಅದನ್ನು ಓದುವಂತಿರಲಿಲ್ಲ. ಬೇಕೆಂದು ಶಾಲೆ ಬಿಡುವುದು ಬೇರೆ, ಶಾಲೆಯೇ ಸಿಗದಿರುವುದು ಬೇರೆ. ಹಟ್ಟಿಯ ಹೆಣ್ಣುಮಕ್ಕಳಿಗೆ ಶಾಲೆ ಅಂದರೆ ಬರೀ ಪಾಠವಲ್ಲ, ಬೇಗ ಮದುವೆ ಮಾಡಿ ಕಳಿಸದಂತೆ ಹಿಡಿದು ನಿಲ್ಲಿಸುವ ಒಂದು ಕೈ.

ಮೊಳಕಾಲ್ಮುರಿನ ರೇಷ್ಮೆ ಸೀರೆಯ ಮನೆಗಳಿಗೆ ಹೋಗಿ ನೋಡಿ. ಮಗ್ಗದ ಸದ್ದಿಗೆ ತೊಟ್ಟಿಲ ಮಗು ಮಲಗುತ್ತದೆ. ಅಂಚಿಗೂ ಒಡಲಿಗೂ ಬೇರೆ ಬೇರೆ ಲಾಳಿ, ಎರಡೂ ಕೂಡುವ ಕಡೆ ಒಂದೆಳೆ ತಪ್ಪಿದರೆ ಸೀರೆಯೇ ಹಾಳು. ಆ ಲೆಕ್ಕವನ್ನು ಯಾವ ಐಟಿಐಯಲ್ಲೂ ಕಲಿಯಲಿಲ್ಲ ಅವರು, ಅಪ್ಪನ ಪಕ್ಕ ಕೂತು ಕಲಿತರು. ಅಂತೇವಾಸಿಗಳು! ಆದರೆ ಇದೇ ಮಾತನ್ನು ಹಿಡಿದು ಹತ್ತು ವರ್ಷದ ಹುಡುಗನನ್ನು ದಿನವಿಡೀ ಮಗ್ಗದ ಗುಂಡಿಗೆ ಇಳಿಸಿ ‘ಮನೆಯಲ್ಲೇ ಕಲಿಯುತ್ತಿದ್ದಾನೆ’ ಅಂದರೆ ಅದು ಮೋಸ. 2016ರ ಬಾಲಕಾರ್ಮಿಕ ತಿದ್ದುಪಡಿ ಕಾಯ್ದೆ ಮನೆಯ ಕಸುಬಿಗೆ ಮಗು ಕೈಜೋಡಿಸಬಹುದು ಎಂದಿದೆ, ಅದೂ ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ ಮಾತ್ರ. ನಾನೂ ನನ್ನ ಮಗಳಿಗೆ ಹಿಡಿ ಮೊಳೆಗೆ ಒಂದು ರೂಪಾಯಿ ಕೊಟ್ಟೆನಲ್ಲ, ಆವತ್ತು ರಾತ್ರಿ ಇದೇ ಯೋಚನೆ ಬಂದು ನಿದ್ದೆ ಹತ್ತಲಿಲ್ಲ. ಮಾರನೆಯ ದಿನದಿಂದ ದಿನಕ್ಕೆ ಒಂದು ಗಂಟೆ, ಅಷ್ಟೇ ಅಂತ ಗೆರೆ ಎಳೆದೆ.

ಕಾನೂನು ಏನು ಹೇಳುತ್ತದೆ ಅಂತ ಕೆಲವರು ಕೇಳುತ್ತೀರಿ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದಿದೆ. ಸೇರಿಸದವರಿಗೆ ಶಿಕ್ಷೆ ಬರೆದಿಲ್ಲ, ಮನೆಶಾಲೆಯ ಹೆಸರನ್ನೂ ಎತ್ತಿಲ್ಲ. ರಾಷ್ಟ್ರೀಯ ಮುಕ್ತ ಶಾಲೆ ಅಂದರೆ ಎನ್‌ಐಒಎಸ್‌ನಲ್ಲಿ 14 ತುಂಬಿದವರು ಹತ್ತನೇ ತರಗತಿಗೆ ಕಟ್ಟಬಹುದು, ನಮ್ಮ ಎಸ್ಸೆಸ್ಸೆಲ್ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕೂರುವ ದಾರಿಯೂ ಇದೆ. ಬೆಂಗಳೂರಿನಲ್ಲಿ ಈ ದಾರಿ ಹಿಡಿದ ಮನೆಗಳು ಈಗ ಸಾಕಷ್ಟಿವೆ. ನನ್ನ ಪ್ರೆಸ್ಸಿಗೆ ಬಂದ ಒಂದೆರಡು ಕುಟುಂಬ ಕಂಡಿದ್ದೇನೆ. ಒಳ್ಳೆಯ ಜನ, ಮಕ್ಕಳು ಚುರುಕು, ಕುಂಬಾರಿಕೆ, ಕೈತೋಟ, ನಕ್ಷತ್ರ ನೋಡುವುದು ಎಲ್ಲ ಉಂಟು. ಎಲ್ಲವೂ ಇಂಗ್ಲಿಷಿನಲ್ಲಿ! ಟೊಮೆಟೊ ಗಿಡಕ್ಕೆ ನೀರು ಹಾಕುವ ಹುಡುಗನಿಗೆ ಪಾತಿ ಅಂದರೆ ಗೊತ್ತಿಲ್ಲ. ಶಾಲೆಯ ಬೇಲಿ ದಾಟಿ ಬಂದವರು ಈ ಬೇಲಿ ಯಾಕೆ ದಾಟಲಿಲ್ಲ?

2014ರ ಮೇ 6 ನಮಗೆಲ್ಲ ಕಹಿ ದಿನ. 1994ರ ಸರ್ಕಾರಿ ಆದೇಶದ ಮೇಲೆ ಇಪ್ಪತ್ತು ವರ್ಷ ಹೊಡೆದಾಡಿದ ಮೇಲೆ, ತಾಯ್ನುಡಿಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಅದು ಮಗುವಿನ ಪರವಾಗಿ ತಂದೆತಾಯಿ ಮಾಡುವ ಆಯ್ಕೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಅಂದು ನಾನೂ ಕಪ್ಪು ಶಾಯಿಯಲ್ಲಿ ಪೋಸ್ಟರ್ ಹೊಡೆದೆ. ಇವತ್ತು ತಣ್ಣಗೆ ಕೂತು ಓದಿದರೆ ತೀರ್ಪು ನನ್ನ ಕಡೆಗೇ ಬೆರಳು ತೋರಿಸುತ್ತದೆ. ಆಯ್ಕೆ ತಂದೆತಾಯಿಯದು. ಸರಿ, ಏನು ಆರಿಸಿದೆ ನಾನು? ಬೀದಿಯಲ್ಲಿ ಕನ್ನಡ ಆರಿಸಿದೆ, ಅಡ್ಮಿಷನ್ ಫಾರಂನಲ್ಲಿ ಇಂಗ್ಲಿಷ್ ಆರಿಸಿದೆ. ಒಂದಕ್ಕೆ ಘೋಷಣೆ, ಇನ್ನೊಂದಕ್ಕೆ ಸಾಲ.

ಮೊಳಕಾಲ್ಮುರು ಕಡೆಯ ಎಷ್ಟೋ ಮನೆಯಲ್ಲಿ ಒಲೆಯ ಮುಂದಿನ ಮಾತು ತೆಲುಗು. ಬೀದಿಗೆ ಬಂದರೆ ಕನ್ನಡ, ಶಾಲೆಯಲ್ಲಿ ಕನ್ನಡ. ಆ ಮಕ್ಕಳು ಎರಡನ್ನೂ ನೀರು ಕುಡಿದಂತೆ ಆಡುತ್ತಾರೆ. ಅವರ ಮನೆಯ ತೆಲುಗನ್ನು ಬಿಡಿಸಿ ಕನ್ನಡ ಬೆಳೆಸಬೇಕು ಅನ್ನುವವರು ನಮ್ಮಲ್ಲೂ ಇದ್ದಾರೆ. ಅವರಿಗೆ ಹೇಳುತ್ತೇನೆ: ಗಡಿಯ ಹಳ್ಳಿಯ ಆ ನೇಕಾರನ ಮಗು ಕನ್ನಡವನ್ನು ಶಾಲೆಯಲ್ಲಿ ಗೆದ್ದುಕೊಂಡಿದೆ. ಬೆಂಗಳೂರಿನಲ್ಲಿ ಕನ್ನಡದ ಮನೆಯಲ್ಲೇ ಹುಟ್ಟಿದ ನನ್ನ ಮಗು ಅದನ್ನು ಮನೆಯಲ್ಲೇ ಕಳೆದುಕೊಂಡಿತ್ತು. ಯಾರು ಯಾರಿಗೆ ಪಾಠ ಹೇಳಬೇಕು?

ನಿಮ್ಮಲ್ಲಿ ಬಹಳ ಜನಕ್ಕೆ ಇನ್ನೂ ಮದುವೆಯಾಗಿಲ್ಲ, ಕೆಲವರಿಗೆ ಈಗಷ್ಟೇ ಕೂಸು. ಅಕ್ಕನ ಮಕ್ಕಳಿದ್ದಾರೆ, ಅಣ್ಣನ ಮಕ್ಕಳಿದ್ದಾರೆ, ಬಾಡಿಗೆ ಮನೆಯ ಪಕ್ಕದಲ್ಲಿ ಪುಟಾಣಿಗಳಿದ್ದಾರೆ. ಶಾಲೆ ಬಿಡಿಸಿ ಅಂತ ಒಬ್ಬರಿಗೂ ಹೇಳುವುದಿಲ್ಲ. ನನ್ನ ಮಗಳೂ 2021ರಲ್ಲಿ ಶಾಲೆಗೆ ಮರಳಿದಳು, ಗೆಳತಿಯರನ್ನು ಕಂಡು ಕುಣಿದಳು. ಈ ಸಲ ಸೇರಿದ್ದು ಕಡಿಮೆ ಫೀಸಿನ, ಕನ್ನಡ ಚೆನ್ನಾಗಿ ಹೇಳಿಕೊಡುವ ಶಾಲೆಗೆ. ನಾನು ಕೇಳುವುದು ದಿನಕ್ಕೆ ಒಂದು ಗಂಟೆ. ಕೈಯಲ್ಲಿ ಏನಾದರೂ ಕೆಲಸವಿರುವ ಒಂದು ಗಂಟೆ, ಆ ಕೆಲಸದ ಮಾತೆಲ್ಲ ಕನ್ನಡದಲ್ಲಿ. ನೀವು ಮೆಕ್ಯಾನಿಕ್ಕೇ? ಬೈಕ್ ಬಿಚ್ಚುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಂಗಡಿಯೇ? ಲೆಕ್ಕದ ಪುಸ್ತಕ ಬರೆಸಿ. ಸಾಫ್ಟ್‌ವೇರಿನವರೇ? ನಿಮ್ಮ ಕೆಲಸ ಏನೆಂದು ಮಗುವಿಗೆ ಕನ್ನಡದಲ್ಲಿ ಹೇಳಲು ಒಮ್ಮೆ ಪ್ರಯತ್ನಿಸಿ, ಬೆವರು ಕಿತ್ತುಕೊಂಡು ಬರುತ್ತದೆ, ಬರಲಿ! ಊರಿನಿಂದ ಅಜ್ಜಿ ಬಂದಿದ್ದರೆ ಟಿವಿ ರಿಮೋಟು ಕೊಟ್ಟು ಮೂಲೆಗೆ ಕೂರಿಸಬೇಡಿ. ಅಜ್ಜಿ ಹೇಳಲಿ, ಮಗು ಬರೆಯಲಿ. ಹಳೇ ರಸೀದಿ ಪುಸ್ತಕ ಬೇಕಾದರೆ ನನ್ನ ಪ್ರೆಸ್ಸಿಗೆ ಬನ್ನಿ, ಒಂದು ಬದಿ ಖಾಲಿ ಇರುವ ಕಾಗದ ರಾಶಿ ಬಿದ್ದಿದೆ, ಕಾಸು ಬೇಡ.

ಈ ಬರಹದ ಪ್ರೂಫನ್ನು ನಿನ್ನೆ ರಾತ್ರಿ ನೋಡಿದವಳು ನನ್ನ ಮಗಳು. ಈಗ ಹೈಸ್ಕೂಲು. ನಾಲ್ಕು ತಪ್ಪಿಗೆ ಕೆಂಪು ಗೆರೆ ಹಾಕಿದಳು. ಮೂರು ಡಿಟಿಪಿ ಹುಡುಗನವು. ನಾಲ್ಕನೆಯದು ನನ್ನದು, ಒಂದು ಒತ್ತು ತಪ್ಪಿತ್ತು, ಎಲ್ಲಿ ಅಂತ ಹೇಳುವುದಿಲ್ಲ. ‘ಇಷ್ಟು ವರ್ಷ ಪ್ರೆಸ್ ನಡೆಸಿದೀಯ, ಇದು ಗೊತ್ತಿಲ್ವೇನಪ್ಪಾ?’ ಅಂತ ಕೇಳಿ, ತಿದ್ದಿ, ಅರ್ಜೆಂಟಾಗಿ ಪ್ಲೇಟಿಗೆ ಕಳಿಸು ಅಂದಳು.